ನಿಮ್ಮ ಕೈಯ ಉಪ್ಪು ಯಾವುದು?

ಹವಾಮಾನ ಬದಲಾವಣೆಯ ಜಾಗೃತಿಗಾಗಿ ಮಂಗಳೂರಿನಿಂದ ಸೈಕಲ್ ಏರಿ ಹೊರಡುವವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಸೈಕಲ್ ಬಳಗದವರೇ,

ಮಳೆ ಹಿಂದೆ ಸರಿದ ಕೂಡಲೇ ನೀವು ಬೀದಿಗೆ ಬರುತ್ತೀರಿ. ಬೆಳಗಿನ ಐದೂವರೆಗೆ, ಹಾಲಿನವನು ಬರುವುದಕ್ಕೂ ಮೊದಲು, ಕದ್ರಿ ಕಡೆಯಿಂದ ನಂತೂರಿಗೆ ಸಾಲಾಗಿ ಇಳಿಯುವ ಕೆಂಪು ದೀಪಗಳನ್ನು ನಾನು ಗೇಟಿನ ಬಳಿ ನಿಂತು ನೋಡುತ್ತೇನೆ. ನಿಮ್ಮಲ್ಲಿ ಹಲವರು ಹದಿಮೂರೂವರೆ ಗಂಟೆಯಲ್ಲಿ 200 ಕಿ.ಮೀ., 40 ಗಂಟೆಯಲ್ಲಿ 600 ಕಿ.ಮೀ. ಮುಗಿಸುವ, ಬಿಆರ್‌ಎಂ ಎಂಬ ದೂರದ ಸವಾರಿಗೆ ಕಾಲು ಗಟ್ಟಿ ಮಾಡಿಕೊಳ್ಳುತ್ತಿರುವವರು. ಕೆಲವರು ಮಾತ್ರ ಬೇರೆ ಉದ್ದೇಶ ಇಟ್ಟುಕೊಂಡಿದ್ದೀರಿ. ಕರಾವಳಿಯ ಉದ್ದಕ್ಕೂ ಕಾರವಾರದ ತನಕ ಹೋಗಬೇಕು, ದಾರಿಯ ಶಾಲೆಗಳಲ್ಲಿ, ಪಂಚಾಯತುಗಳಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಜನರನ್ನು ಎಚ್ಚರಿಸಬೇಕು ಎಂಬ ಆಸೆ ನಿಮ್ಮದು. ಈ ಪತ್ರ ನಿಮಗೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಸೈಕಲ್ ನನಗೆ ಹವ್ಯಾಸವಾಗಿ ಬಂದದ್ದಲ್ಲ. ಬಸ್ಸಿಳಿದ ಮೇಲೂ ಶಾಲೆಗೆ ಮೂರು ಕಿಲೋಮೀಟರ್ ಇತ್ತು, ಅದಕ್ಕಾಗಿ ಕಲಿತೆ. ಹಲವು ವರ್ಷಗಳ ಹಿಂದೆ ನಾವು ಹನ್ನೆರಡು ಮಂದಿ, ಹೆಚ್ಚಿನವರು ಅಧ್ಯಾಪಕರು, ಇಂಥದೇ ಒಂದು ಯಾತ್ರೆ ಹೊರಟಿದ್ದೆವು. ಕ್ಯಾರಿಯರಿಗೆ ಕರಪತ್ರದ ಕಟ್ಟು, ಹ್ಯಾಂಡಲಿಗೆ ಬಟ್ಟೆಯ ಬ್ಯಾನರು. ಮೊದಲ ನಿಲುಗಡೆ ಸೋಮೇಶ್ವರ ಉಚ್ಚಿಲ. ಅಲ್ಲಿ ಆ ವರ್ಷ ಕಡಲ್ಕೊರೆತ ಜೋರಾಗಿತ್ತು. ಒಂದು ಮನೆಯ ಜಗಲಿ ಆಗಲೇ ನೀರಿಗೆ ಹೋಗಿತ್ತು. ಮನೆಯಾತ ಏಣಿ ಹತ್ತಿ ಹೆಂಚು ಇಳಿಸುತ್ತಿದ್ದರು, ಕೆಳಗೆ ಅವರ ಹೆಂಡತಿ ಒಂದೊಂದನ್ನೇ ಹಿಡಿದು ತೆಂಗಿನ ಬುಡದಲ್ಲಿ ಜೋಡಿಸುತ್ತಿದ್ದರು. ಸಮುದ್ರ ಮಟ್ಟ ಏರುತ್ತಿದೆ ಎಂದು ಬರೆದಿದ್ದ ನಮ್ಮ ಕರಪತ್ರವನ್ನು ನಾನೇ ಆ ಹೆಂಗಸಿನ ಕೈಗೆ ಕೊಟ್ಟೆ. ಅವರು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೂ ಅರ್ಧ ಮಾಡು ಬಾಕಿ ಇದೆ, ಸಂಜೆ ಉಬ್ಬರ ಬರುವುದರೊಳಗೆ ಇಳಿಸಿ ಆಗಬೇಕು, ಸ್ವಲ್ಪ ಹೊತ್ತು ನಿಲ್ಲುತ್ತೀರಾ ಎಂದು ತುಳುವಿನಲ್ಲಿ ಕೇಳಿದರು. ಹತ್ತೂವರೆಗೆ ನಮಗೆ ಮುಂದಿನ ಶಾಲೆಯಲ್ಲಿ ಕಾರ್ಯಕ್ರಮ ಇತ್ತು. ನಾವು ಹೊರಟೆವು.

ಹನ್ನೆರಡು ಜನ ಇದ್ದೆವು. ಒಂದು ಗಂಟೆಯಲ್ಲಿ ಆ ಮಾಡು ಪೂರ್ತಿ ಇಳಿಯುತ್ತಿತ್ತು. ಕಾರವಾರ ಮುಟ್ಟುವ ತನಕ ನನಗೆ ಅದೇ ಲೆಕ್ಕ ತಲೆಯಲ್ಲಿ ತಿರುಗುತ್ತಿತ್ತು, ಇವತ್ತಿಗೂ ತಿರುಗುತ್ತದೆ. ಆ ಯಾತ್ರೆಯಿಂದ ಏನಾಯಿತು ಎಂದು ಯಾರಾದರೂ ಕೇಳಿದರೆ ಹಾರ ಹಾಕಿಸಿಕೊಂಡದ್ದು, ಫೋಟೊ ತೆಗೆಸಿಕೊಂಡದ್ದು ಬಿಟ್ಟು ಬೇರೇನೂ ನನ್ನ ನಾಲಿಗೆಗೆ ಬರುವುದಿಲ್ಲ. ನಿಮಗೆ ಹಾಗಾಗಬಾರದು ಎಂಬುದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ ಕೇಳಿಬಿಡುತ್ತೇನೆ. ನೀವು ಜಾಗೃತಿ ಮೂಡಿಸಲು ಹೊರಟಿರುವುದು ಯಾರಲ್ಲಿ? ಉಳ್ಳಾಲದವರಲ್ಲಿಯೇ? ಅವರ ತೀರಕ್ಕೆ ಘಟ್ಟದ ಬುಡದ ಕಲ್ಲು ಲಾರಿಗಟ್ಟಲೆ ಬಂದು ಬಿದ್ದಿದೆ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಸಮುದ್ರದೊಳಗೇ ತಡೆದಿಣ್ಣೆಗಳನ್ನು ಕಟ್ಟಲಾಗಿದೆ. ಒಂದು ಕಡೆ ಕಲ್ಲು ಹಾಕಿದರೆ ಅಲೆಯ ಪೆಟ್ಟು ಪಕ್ಕದ ಊರಿಗೆ ಬೀಳುತ್ತದೆ ಎನ್ನುವುದನ್ನು ಅಲ್ಲಿಯ ಹತ್ತು ವರ್ಷದ ಹುಡುಗನೂ ಬೆರಳು ತೋರಿಸಿ ಹೇಳುತ್ತಾನೆ. ಮಂಗಳೂರು ಪೇಟೆಯವರಲ್ಲಿಯೇ? 2018ರ ಮೇ 29ರಂದು ಒಂದೇ ದಿನದ ಮಳೆಗೆ ಕೊಟ್ಟಾರ ಚೌಕಿಯಂಥ ತಗ್ಗು ಜಾಗಗಳು ಹೊಳೆಯಾದವು. ಮರುವರ್ಷ, 2019ರ ಬೇಸಗೆಯಲ್ಲಿ, ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿ ಇಳಿದುಹೋಗಿ ನಳ್ಳಿ ನೀರನ್ನು ಲೆಕ್ಕ ಹಾಕಿ ಬಿಟ್ಟರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾದವರಿಗೆ ಏನೋ ಕೆಟ್ಟಿದೆ ಎಂದು ನಾವು ಹೋಗಿ ತಿಳಿಸಬೇಕಾಗಿಲ್ಲ.

ಮೀನುಗಾರರ ಮಾತಂತೂ ಬೇಡವೇ ಬೇಡ. ಅರಬ್ಬಿ ಸಮುದ್ರ ಒಂದು ಕಾಲಕ್ಕೆ ಚಂಡಮಾರುತಕ್ಕೆ ಹೆಸರಾದ ಕಡಲಾಗಿರಲಿಲ್ಲ, ಅದು ಬಂಗಾಳ ಕೊಲ್ಲಿಯ ಪಾಡು ಎಂದು ನಾನೇ ತರಗತಿಯಲ್ಲಿ ಪಾಠ ಮಾಡಿದ್ದೇನೆ. ಪುಣೆಯಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1982ರಿಂದ 2000ದವರೆಗಿನ ಅವಧಿಗೆ ಹೋಲಿಸಿದರೆ 2001ರಿಂದ 2019ರ ನಡುವೆ ಅರಬ್ಬಿಯ ಚಂಡಮಾರುತಗಳು ನೂರಕ್ಕೆ 52ರಷ್ಟು ಹೆಚ್ಚಿವೆ. ಕಡಲ ಮೇಲ್ಮೈ ಒಂದು ಡಿಗ್ರಿಗೂ ಮೀರಿ ಬಿಸಿಯಾಗಿದೆ. ಬಿಸಿ ನೀರು ಗಾಳಿಗೆ ಇಂಧನ. ಅದೇ 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಎದುರಿನಿಂದಲೇ ಹಾದುಹೋಯಿತು. ಪಡುಬಿದ್ರಿ ತೀರಕ್ಕೆ ಒಂದು ಟಗ್ ಮಗುಚಿಕೊಂಡು ಬಂತು. ಮುಲ್ಕಿಯ ಎದುರು ಬಂಡೆಗೆ ಸಿಕ್ಕಿಕೊಂಡ ಇನ್ನೊಂದರಿಂದ 9 ಮಂದಿಯನ್ನು ಹೆಲಿಕಾಪ್ಟರಿನಲ್ಲಿ, ದೋಣಿಯಲ್ಲಿ ಇಳಿಸಿ ತರುವಷ್ಟರಲ್ಲಿ ದಡದಲ್ಲಿ ನಿಂತವರ ಜೀವ ಬಾಯಿಗೆ ಬಂದಿತ್ತು. ವಿಜ್ಞಾನಿಗಳ ಆ ಲೆಕ್ಕ ಕೈಗೆ ಬರುವ ಮೊದಲೇ ಕಡಲಿಗೆ ಹೋಗುವವರು ಗಾಳಿ ಬದಲಾದದ್ದನ್ನು ಬಲ್ಲರು. ಅವರ ಮುಂದೆ ಮೈಕು ಹಿಡಿದು ನಿಂತರೆ ನಮಗೇ ನಾಚಿಕೆಯಾಗಬೇಕು.

ತಿಳಿವಳಿಕೆಗೆ ಬರ ಬಂದಿಲ್ಲ. ತಿಳಿದದ್ದು ಒಂದು ಕಡೆ ಸೇರಿಲ್ಲ. ಉಚ್ಚಿಲದವರಿಗೆ ಗೊತ್ತಿರುವುದು ಮರವಂತೆಯವರಿಗೆ ಮುಟ್ಟಿಲ್ಲ, ಮರವಂತೆಯವರು ಕಂಡದ್ದು ಮಂಗಳೂರಿನ ಕಚೇರಿಯ ಕಡತಕ್ಕೆ ಏರಿಲ್ಲ. ಇದನ್ನು ಊರಿಂದೂರಿಗೆ ಹೊತ್ತು ತರಲು ಸೈಕಲ್ಲಿಗಿಂತ ತಕ್ಕ ವಾಹನ ನನಗೆ ಕಾಣುವುದಿಲ್ಲ. ಕಾರಿನವನಿಗೆ ಚಹಾ ಅಂಗಡಿಯವರು ದಾರಿ ಹೇಳುತ್ತಾರೆ. ಸೈಕಲ್ಲಿನವನನ್ನು ಕೂರಿಸಿ ನೀರು ಕೊಡುತ್ತಾರೆ, ಯಾವ ಊರು ಎಂದು ಕೇಳುತ್ತಾರೆ, ಆಮೇಲೆ ತಮ್ಮ ಕಥೆ ಹೇಳುತ್ತಾರೆ. ಆದ್ದರಿಂದ ಕರಪತ್ರ ಮನೆಯಲ್ಲಿಡಿ. ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಬಾವಿ ನೀರು ಯಾವ ತಿಂಗಳಲ್ಲಿ ಉಪ್ಪಾಗುತ್ತದೆ, ಮೊದಲು ಯಾವಾಗ ಆಗುತ್ತಿತ್ತು. ತಡೆಗೋಡೆ ಯಾವ ವರ್ಷ ಹಾಕಿದ್ದು, ಎಷ್ಟು ಸಲ ಕುಸಿಯಿತು. ಬೂತಾಯಿ ಮೀನು ಎಷ್ಟು ವರ್ಷ ಸಿಗಲಿಲ್ಲ, ಸಿಗದಿದ್ದಾಗ ಮನೆ ಹೇಗೆ ನಡೆಯಿತು. ಇವನ್ನು ಕೇಳಿ, ಹೇಳಿದವರ ಮಾತಿನಲ್ಲಿಯೇ ಬರೆದುಕೊಳ್ಳಿ.

ಬೂತಾಯಿಯ ವಿಷಯದಲ್ಲಿ ಒಂದು ಎಚ್ಚರ. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿದಿತ್ತು. ಇದನ್ನು ಕೇಳಿದೊಡನೆ ಎಲ್ಲವನ್ನೂ ಬಿಸಿಯಾದ ಕಡಲಿನ ತಲೆಗೆ ಕಟ್ಟಬೇಡಿ. ಎಲ್ ನಿನೋದ ಪಾಲಿದೆ, ಮರಿಮೀನನ್ನೂ ಬಾಚಿ ತರುವ ಬಲೆಯ ಪಾಲೂ ಇದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಬಗ್ಗೆ ಮಲ್ಪೆಯ ಬಂದರಿನಲ್ಲಿ ಕುಳಿತು ಕೇಳಿದರೆ, ಯಾವ ಪಾಲು ಎಷ್ಟು ಎಂಬ ವಾದ ಅಲ್ಲಿಯೇ ನಡೆಯುತ್ತದೆ. ಆ ವಾದವನ್ನೂ ಬರೆದುಕೊಳ್ಳಿ.

ಎರಡನೆಯ ಮಾತು ಅಂಕೋಲೆಯದು. ನೀವು ಕಾರವಾರಕ್ಕೆ ಹೋಗುವುದಾದರೆ ಅಂಕೋಲೆ ದಾರಿಯಲ್ಲೇ ಸಿಗುತ್ತದೆ. 1930ರ ಮಾರ್ಚ್ 12ರಂದು ಗಾಂಧೀಜಿ 78 ಮಂದಿಯ ಜೊತೆ ಸಬರಮತಿಯಿಂದ ನಡೆದು ಹೊರಟರು. 24 ದಿನ, ಸುಮಾರು 385 ಕಿ.ಮೀ. ನಡೆದು, ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿದರು. ವಾರ ಕಳೆದು ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯ ಜನ ಉಪ್ಪಿನ ಕಾಯ್ದೆ ಮುರಿದರು. ಬ್ರಿಟಿಷರ ಆಳ್ವಿಕೆ ಕೆಟ್ಟದ್ದು ಎಂದು ಜನರಿಗೆ ಹೇಳಲು ಆ ನಡಿಗೆ ಬೇಕಿರಲಿಲ್ಲ, ಅದು ಎಲ್ಲರಿಗೂ ತಿಳಿದಿತ್ತು. ಅಷ್ಟು ದೊಡ್ಡ ಅನ್ಯಾಯವನ್ನು ಒಂದು ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡಿ, ಇದನ್ನು ನೀನೂ ಎತ್ತಬಹುದು ಎಂದು ತೋರಿಸಿದ್ದು ಆ ಉಪ್ಪು.

ಹವಾಮಾನ ಬದಲಾವಣೆ ಎನ್ನುವುದು ನಮ್ಮ ಬಾಯಲ್ಲಿ ಬಹಳ ದೊಡ್ಡದು. ಭೂಮಿ, ವಾತಾವರಣ, 2070ರ ಹೊತ್ತಿಗೆ ಇಂಗಾಲ ನಿವ್ವಳ ಶೂನ್ಯ ಎಂದು ಭಾರತ ಗ್ಲಾಸ್ಗೊದ ಹವಾಮಾನ ಸಮ್ಮೇಳನದಲ್ಲಿ ಕೊಟ್ಟ ಮಾತು. ಪಡುಬಿದ್ರಿ ದಾಟುವಾಗ ಬಲಗಡೆಗೆ ಎಲ್ಲೂರಿನ ಚಿಮಣಿ ಕಾಣುತ್ತದೆ. ಹೊರದೇಶದಿಂದ ಬರುವ ಕಲ್ಲಿದ್ದಲು ಸುಟ್ಟು 1,200 ಮೆಗಾವಾಟ್ ವಿದ್ಯುತ್ ಮಾಡುವ ಸ್ಥಾವರ ಅದು. ಅದನ್ನು ನಾನಾಗಲೀ ನೀವಾಗಲೀ ಸೈಕಲ್ ತುಳಿದು ನಿಲ್ಲಿಸಲಾರೆವು. ಹಾಗಿದ್ದ ಮೇಲೆ ನಮ್ಮ ಮುಷ್ಟಿಗೆ ಬರುವುದು ಯಾವುದು? ಇದಕ್ಕೆ ಉತ್ತರ ಇಟ್ಟುಕೊಂಡೇ ಪೆಡಲಿನ ಮೇಲೆ ಕಾಲಿಡಿ.

ದೂರದ ಒಂದು ಉದಾಹರಣೆ ಕೊಡುತ್ತೇನೆ. 2021ರ ಅಕ್ಟೋಬರಿನಲ್ಲಿ, ಅದೇ ಗ್ಲಾಸ್ಗೊ ಸಮ್ಮೇಳನದ ಮುಂಚೆ, ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಿಂದ ವೈದ್ಯರು, ದಾದಿಯರು, ಮಕ್ಕಳ ಆಸ್ಪತ್ರೆಗಳ ಇತರ ಸಿಬ್ಬಂದಿ ಸೈಕಲ್ ತುಳಿದು ಗ್ಲಾಸ್ಗೊದ ಮಕ್ಕಳ ಆಸ್ಪತ್ರೆಗೆ ಹೋದರು. ಸುಮಾರು 800 ಕಿ.ಮೀ. ಅವರ ಕೈಯಲ್ಲಿದ್ದದ್ದು ಜಗತ್ತಿನ ಆರೋಗ್ಯ ಸಂಘಟನೆಗಳು ಸಹಿ ಹಾಕಿದ ಒಂದು ಪತ್ರ. ವೈದ್ಯರು ಬರೆಯುವ ಔಷಧಿ ಚೀಟಿಯ ಹೆಸರಿನಲ್ಲೇ ಅದನ್ನು ಕರೆದಿದ್ದರು. ಹೊಗೆ ಮಕ್ಕಳ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ದಿನವೂ ಕಣ್ಣಾರೆ ಕಾಣುವವರು ತಮ್ಮ ಕೆಲಸದ ಭಾಷೆಯಲ್ಲೇ ಮಾತಾಡಿದರು. ಅದು ನನಗೆ ಬಹಳ ಹಿಡಿಸಿತು. ನಮ್ಮೂರು ಆಸ್ಪತ್ರೆಗಳ ಊರು. ನಿಮ್ಮ ಸಾಲಿನಲ್ಲಿ ವೈದ್ಯರೂ ನರ್ಸಿಂಗ್ ವಿದ್ಯಾರ್ಥಿಗಳೂ ಇದ್ದೀರಿ ಎಂದು ಬಲ್ಲೆ. ನಿಮ್ಮ ಚೀಟಿ ಯಾರ ಮೇಜಿಗೆ ಹೋಗುತ್ತದೆ?

ನಮ್ಮ ಕಡೆಯದೇ ಇನ್ನೊಂದಿದೆ. 1987ರ ನವೆಂಬರಿನಲ್ಲಿ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆ ಹೊರಟಾಗ ಒಂದು ತಂಡ ಕನ್ಯಾಕುಮಾರಿಯಿಂದ, ಇನ್ನೊಂದು ಮಹಾರಾಷ್ಟ್ರದ ನವಾಪುರದಿಂದ ನಡೆದು, ಸುಮಾರು ನೂರು ದಿನಗಳ ಕೊನೆಗೆ ಗೋವಾದಲ್ಲಿ ಕೂಡಿದವು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಕಾಡಿನಲ್ಲಿ ಮರ ಅಪ್ಪಿ ನಿಂತ ಅಪ್ಪಿಕೋ ಚಳವಳಿ ಆಗಲೇ ದಾರಿ ತೋರಿಸಿತ್ತು. ಅಲ್ಲೂ ಕೈಗೆ ಸಿಗುವ ವಸ್ತು ಇತ್ತು: ಮರ.

ಇನ್ನು ದಾರಿ. ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿ.ಮೀ. ನಿಮ್ಮಲ್ಲಿ ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುತ್ತೀರಿ, ಗೊತ್ತು. ದಯವಿಟ್ಟು ಎಂಟು ದಿನ ತೆಗೆದುಕೊಳ್ಳಿ. ನಸುಕಿನಲ್ಲಿ ಹೊರಟು ಹನ್ನೊಂದಕ್ಕೆ ನಿಲ್ಲಿಸಿ. ಮಧ್ಯಾಹ್ನದ ಮೇಲೆ ಉತ್ತರಕ್ಕೆ ಹೋಗುವವರಿಗೆ ವಾಯವ್ಯದ ಕಡಲ ಗಾಳಿ ನೇರ ಎದೆಗೆ ಹೊಡೆಯುತ್ತದೆ, ಬೆವರಿಗೆ ಉಪ್ಪು ಕೂಡಿಕೊಂಡು ಕಣ್ಣು ಉರಿಯುತ್ತದೆ. ಆ ಹೊತ್ತನ್ನು ಊರಿನವರ ಜೊತೆ ಕೂರಲು ಇಟ್ಟುಕೊಳ್ಳಿ. ಕೂಳೂರಿನಿಂದ ಪಣಂಬೂರು ದಾಟುವ ತನಕ ಟ್ಯಾಂಕರು, ಲಾರಿಗಳ ನಡುವೆ ಜೀವ ಹಿಡಿದುಕೊಂಡು ಹೋಗಬೇಕು. ಆ ಜಾಗದಲ್ಲಿ ಒಬ್ಬರ ಹಿಂದೆ ಒಬ್ಬರಾಗಿ ಮಾತ್ರ ಹೋಗಿ.

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಅಲ್ಲಿ ಎಲ್ಲರೂ ಫೋಟೊ ತೆಗೆಯುತ್ತಾರೆ. ತೆಗೆದ ಮೇಲೆ ಕೆಳಗಿಳಿದು ಕಲ್ಲಿನ ತಡೆಗೋಡೆ ಎಲ್ಲಿಂದ ಎಲ್ಲಿಗಿದೆ ಎಂದು ನಡೆದು ನೋಡಿ. ಭಟ್ಕಳದಲ್ಲಿ 2022ರ ಆಗಸ್ಟ್ 2ರ ದಿನದ ಬಗ್ಗೆ ಕೇಳಿ. ಒಂದೇ ದಿನಕ್ಕೆ 500 ಮಿ.ಮೀ. ಮೀರಿ ಮಳೆ, ಬೆಂಗಳೂರಿಗೆ ಇಡೀ ವರ್ಷ ಬೀಳುವುದರ ಅರ್ಧ. ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಮನೆಯೊಂದರ ಮೇಲೆ ಬಿದ್ದು ನಾಲ್ವರು ಹೋದರು.

ಕುಮಟೆಯ ಬಳಿ ಎರಡು ದಿನ ಉಳಿಯಿರಿ ಎಂದು ಬೇಡಿಕೊಳ್ಳುತ್ತೇನೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಘಟ್ಟದಿಂದ ಕಡಲಿನವರೆಗೆ ಹೊಳೆ ತನ್ನ ಪಾಡಿಗೆ ಹರಿಯುತ್ತದೆ. ಅದರ ಅಳಿವೆಗೆ 2024ರಲ್ಲಿ, ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸರ್ ಮಾನ್ಯತೆ ಸಿಕ್ಕಿತು. ಆ ಅಳಿವೆಯ ದಂಡೆಯ ಮಾಣಿಕಟ್ಟಾದಂಥ ಊರುಗಳಲ್ಲಿ ಗಜನಿ ಭೂಮಿ ಇದೆ. ಉಬ್ಬರದ ಉಪ್ಪು ನೀರು ನುಗ್ಗಿ ಬರುವ ತಗ್ಗು ಗದ್ದೆ. ಅಲ್ಲಿ ಬೆಳೆಯುವ ಭತ್ತ ಕಗ್ಗ. ಉಪ್ಪನ್ನೂ ತಡೆಯುತ್ತದೆ, ನೆರೆಯಲ್ಲಿ ಮುಳುಗಿದರೂ ಸಾಯುವುದಿಲ್ಲ. ಭತ್ತ ಮುಗಿದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಒಬ್ಬನೇ ಮಾಡುವ ಬೇಸಾಯ ಅಲ್ಲ ಅದು: ಕಟ್ಟೆ ಎಲ್ಲರದು, ನೀರಿನ ಬಾಗಿಲು ಎಲ್ಲರದು, ಒಬ್ಬ ಬಿತ್ತದೆ ಬಿಟ್ಟರೆ ಇನ್ನೊಬ್ಬನಿಗೂ ಕಷ್ಟ. ಕಡಲು ಏರಿದರೆ ಕರಾವಳಿಯ ಗದ್ದೆಗಳಲ್ಲಿ ಏನು ಬೆಳೆಯುವುದು ಎಂದು ಇವತ್ತು ಲೋಕವೆಲ್ಲ ಚಿಂತಿಸುತ್ತಿದೆ. ನಮ್ಮಲ್ಲಿ ಅದಕ್ಕೆ ಉತ್ತರ ಎಷ್ಟೋ ತಲೆಮಾರುಗಳ ಹಿಂದೆಯೇ ಮೊಳೆತು ನಿಂತಿದೆ, ಆದರೆ ಬಿತ್ತುವವರು ಕಡಿಮೆಯಾಗುತ್ತಿದ್ದಾರೆ. ಮೂವತ್ತು ವರ್ಷ ಪಾಠ ಮಾಡಿದ ನಾನು ಒಂದು ದಿನವೂ ಮಕ್ಕಳಿಗೆ ಕಗ್ಗದ ಹೆಸರು ಹೇಳಲಿಲ್ಲ, ನನಗೇ ಗೊತ್ತಿರಲಿಲ್ಲ. ಒಂದು ಮುಷ್ಟಿ ಕಗ್ಗ ಕೇಳಿ ತನ್ನಿ. ಮಂಗಳೂರಿನ ಶಾಲೆಗಳಿಗೆ ಹೋದಾಗ ಭಾಷಣದ ಬದಲು ಅದನ್ನು ಮಕ್ಕಳ ಅಂಗೈಗೆ ಹಾಕಿ.

ಅಲ್ಲಿಂದ ಮುಂದೆ ಶಿರೂರು. 2024ರ ಜುಲೈ 16ರ ಬೆಳಿಗ್ಗೆ ಅಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಇಳಿಯಿತು. ದಾರಿಬದಿಯ ಚಹಾ ಅಂಗಡಿ, ಅದರಲ್ಲಿದ್ದ ಮನೆಮಂದಿ, ಚಹಾಕ್ಕೆಂದು ನಿಲ್ಲಿಸಿದ್ದ ವಾಹನಗಳು ಗಂಗಾವಳಿ ಹೊಳೆಯ ಪಾಲಾದವು. ಕೇರಳದ ಒಬ್ಬ ಚಾಲಕ ಲಾರಿಯ ಸಮೇತ ಹೊಳೆಯ ಅಡಿಯಿಂದ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಶಿರೂರಿನ ಗುಡ್ಡ ಇಳಿದು ಎರಡು ವಾರ ಕಳೆಯುವಷ್ಟರಲ್ಲೇ ಕೇರಳದ ವಯನಾಡು ಜರಿದು ಹೋಗಿತ್ತು, ನಾವೆಲ್ಲ ಅತ್ತ ನೋಡಿದೆವು. ಮೋಡ ಒಡೆದಂತೆ ಸುರಿಯುವ ಮಳೆ ಒಂದು ಕಾರಣ, ರಸ್ತೆ ಅಗಲ ಮಾಡಲು ಗುಡ್ಡದ ಬುಡ ಕಡಿದದ್ದು ಇನ್ನೊಂದು. ಬರೀ ಹವಾಮಾನದ ಮಾತಾಡಿದರೆ ಎರಡನೆಯದು ಮುಚ್ಚಿಹೋಗುತ್ತದೆ. ಅಲ್ಲಿ ಇಳಿದು, ಸೈಕಲ್ ತಳ್ಳಿಕೊಂಡು ನಡೆಯಿರಿ. ಬ್ಯಾನರ್ ಹಿಡಿದು ಫೋಟೊ ಬೇಡ.

ಈಗ ನಿಮಗೆ ಸ್ವಲ್ಪ ಮುಜುಗರ ಮಾಡುವ ಮಾತು. ಇತ್ತೀಚಿನ ಯಾತ್ರೆಗಳ ಹಿಂದೆ ಒಂದು ಕಾರೋ ವ್ಯಾನೋ ಬರುತ್ತದೆ. ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೊ ಇಂಗಾಲದ ಡೈಆಕ್ಸೈಡ್. ಕಾರವಾರಕ್ಕೆ ಹೋಗಿ ಬರಲು 540 ಕಿ.ಮೀ.; ಲೀಟರಿಗೆ 12 ಕಿ.ಮೀ. ಹಿಡಿದರೆ 45 ಲೀಟರ್, ಅಂದರೆ ಸುಮಾರು 120 ಕಿಲೊ ಹೊಗೆ. ಆ ವಾಹನದೊಳಗೆ ಪ್ಲಾಸ್ಟಿಕ್ ಬಾಟಲಿಯ ನೀರು, ಎರಡು ದಿನ ಕಳೆದರೆ ಚರಂಡಿಗೆ ಬೀಳುವ ಫ್ಲೆಕ್ಸು. ಯಾರಾದರೂ ಬಿದ್ದರೆ, ಚಕ್ರದ ಬೆಂಡ್ ತೆಗೆಯಬೇಕಾದರೆ ಏನು ಮಾಡುವುದು ಎಂದು ಕೇಳುತ್ತೀರಿ. ಹೆದ್ದಾರಿಯ ಉದ್ದಕ್ಕೂ ಊರುಗಳಿವೆ, ಪ್ರತಿ ಪೇಟೆಯಲ್ಲೂ ಪಂಕ್ಚರ್ ಹಾಕುವವರಿದ್ದಾರೆ, ಹಗಲಿಡೀ ಬಸ್ಸು ಓಡುತ್ತದೆ. ಒಂದು ಟ್ಯೂಬು, ಒಂದು ಪಂಪು, ಎರಡು ಜೊತೆ ಬಟ್ಟೆ ಸಾಕು. ವಯಸ್ಸಾದವರು, ಆರೋಗ್ಯ ಸರಿಯಿಲ್ಲದವರು ಜೊತೆಗಿದ್ದರೆ ಮಾತು ಬೇರೆ, ಆಗ ಯಾವ ಸಂಕೋಚವೂ ಇಲ್ಲದೆ ವಾಹನ ಕರೆದುಕೊಂಡು ಹೋಗಿ.

ಮತ್ತೆ ಉಪ್ಪಿಗೆ ಬರುತ್ತೇನೆ. ಅದು ಯಾವುದು ಎಂದು ನೀವೇ ಕೂತು ತೀರ್ಮಾನಿಸಬೇಕು. ನನ್ನನ್ನು ಕೇಳಿದರೆ ನನ್ನ ಉತ್ತರ ಎಂಟನೇ ತರಗತಿಯ ಸೈಕಲ್.

2006–07ರಲ್ಲಿ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಮೊದಲ ಸಲ ಸೈಕಲ್ ಬಂದ ದಿನ ನಮ್ಮ ಶಾಲೆಯ ಅಂಗಳದಲ್ಲಿ ಹುಡುಗಿಯರು ಸಂಜೆ ಗಂಟೆ ಹೊಡೆದ ಮೇಲೂ ಮನೆಗೆ ಹೋಗಲಿಲ್ಲ. ಒಬ್ಬಳು ಸೀಟಿನಲ್ಲಿ, ಇಬ್ಬರು ಹಿಂದಿನಿಂದ ಹಿಡಿದು ಓಡುವುದು. ಮೊಣಕಾಲು ಕೆತ್ತಿಕೊಂಡವರಿಗೆ ಟಿಂಚರ್ ಹಚ್ಚಿ ಹಚ್ಚಿ ನನ್ನ ಕೈ ಕೆಂಪಾಗಿತ್ತು. ಮುಂದಿನ ತಿಂಗಳಿನಿಂದ ಬೆಳಿಗ್ಗೆ ತಡವಾಗಿ ಬರುವವರ ಪಟ್ಟಿ ಚಿಕ್ಕದಾಯಿತು. ಸಂಜೆಯ ವಿಶೇಷ ತರಗತಿಗೆ ಬಸ್ಸು ತಪ್ಪುತ್ತದೆ ಎಂದು ಏಳುತ್ತಿದ್ದವರು ಕೂತರು. ಕೋವಿಡ್ ಬಂದಾಗ ಆ ಯೋಜನೆ ನಿಂತಿತು. ಅದರ ನಂತರದ ಮಕ್ಕಳು ಆಟೋದಲ್ಲಿ ಒತ್ತಿಕೊಂಡು, ಅಪ್ಪನ ಸ್ಕೂಟರಿನಲ್ಲಿ, ಇಲ್ಲವೇ ನಡೆದು ಬಂದರು. ಹದಿಮೂರನೆಯ ವಯಸ್ಸಿಗೆ ಸೈಕಲ್ ಕಲಿಯದವರು ಹದಿನೆಂಟಕ್ಕೆ ನೇರ ಬೈಕು ಕೇಳುತ್ತಾರೆ. ಪೆಟ್ರೋಲಿನ ಅಭ್ಯಾಸ ಶುರುವಾಗುವುದು ಅಲ್ಲಿ.

ಸೈಕಲ್ ಕೊಟ್ಟರೆ ಸಾಲದು, ಓಡಿಸಲು ಜಾಗ ಬೇಕು. ನಂತೂರಿನಲ್ಲಿ, ಕೆಪಿಟಿ ವೃತ್ತದಲ್ಲಿ, ಪಂಪ್‌ವೆಲ್‌ನಲ್ಲಿ ನಿಮ್ಮಂಥ ಪಳಗಿದವರಿಗೇ ಎದೆ ನಡುಗುತ್ತದೆ. ಅಲ್ಲಿ ಹದಿಮೂರರ ಮಗುವನ್ನು ಯಾವ ತಾಯಿ ಬಿಟ್ಟಾಳು? 2022ರಲ್ಲಿ ನಮ್ಮ ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ನಡೆದು ಹೋಗುವವರ, ಸೈಕಲ್ ಸವಾರರ ಹಕ್ಕುಗಳಿಗಾಗಿ ಒಂದು ಮಸೂದೆಯ ಕರಡು ಸಿದ್ಧಪಡಿಸಿತ್ತು. ಅದನ್ನು ಓದಿ. ನಿಮ್ಮ ನೋಟ್‌ಬುಕ್ಕನ್ನೂ ಆ ಕರಡನ್ನೂ ಹಿಡಿದುಕೊಂಡು ಶಾಸಕರ ಮನೆಗೆ, ಪಾಲಿಕೆಗೆ, ಜಿಲ್ಲಾಧಿಕಾರಿ ಕಚೇರಿಗೆ ಸೈಕಲ್ಲಿನಲ್ಲೇ ಹೋಗಿ. ಕಾರವಾರದಿಂದ ತಿರುಗಿ ಬಂದ ಮರುದಿನವೇ, ಬೆವರಿನ ವಾಸನೆ ಆರುವುದರೊಳಗೆ. ಒಂದು ಶಾಲೆ, ಅದರ ಸುತ್ತಿನ ಎರಡು ಕಿಲೋಮೀಟರ್ ರಸ್ತೆ, ಅಲ್ಲಿ ಮಕ್ಕಳ ಸೈಕಲ್ಲಿಗೆ ಗೆರೆ ಎಳೆದು ಬಿಟ್ಟ ಜಾಗ. ಮೊದಲಿಗೆ ಅಷ್ಟನ್ನೇ ಕೇಳಿ, ಸಿಗುವ ತನಕ ಬಿಡಬೇಡಿ. ನನ್ನ ಹಳೆಯ ಶಾಲೆಯಿಂದಲೇ ಶುರು ಮಾಡುವುದಾದರೆ ಪೋಷಕರನ್ನು ಸೇರಿಸುವ ಕೆಲಸ ನನಗಿರಲಿ.

ಹೊರಡುವ ದಿನ ಗೊತ್ತಾದ ಮೇಲೆ ತಿಳಿಸಿ. ಕಾರವಾರದ ತನಕ ತುಳಿಯಲು ಈಗ ನನ್ನ ಮಂಡಿ ಬಿಡುವುದಿಲ್ಲ. ಸೋಮೇಶ್ವರ ಉಚ್ಚಿಲಕ್ಕೆ ನಿಮ್ಮ ಜೊತೆ ಬರುತ್ತೇನೆ, ಅಲ್ಲಿಂದ ಹಿಂದೆ ಬಂದು ಕೂಳೂರು ಸೇತುವೆ ದಾಟಿಸಿ ನಿಲ್ಲುತ್ತೇನೆ. ಉಚ್ಚಿಲದಲ್ಲಿ ಯಾರಾದರೂ ಹೆಂಚು ಇಳಿಸುತ್ತಿದ್ದರೆ ಆ ದಿನದ ಉಳಿದ ಕಾರ್ಯಕ್ರಮ ಮರುದಿನಕ್ಕೆ ಹಾಕಿ.

ನಿಮ್ಮ,
ಒಬ್ಬ ನಿವೃತ್ತ ಅಧ್ಯಾಪಕಿ
ಮಂಗಳೂರು